ಟಿಕೆಟ್ಟಿನಲ್ಲಿ ಕಾಣದ ಸಂಬಳ

ಅಲ್ ಸದ್ದ್‌ನಲ್ಲಿ ದೋಹಾ ಮೆಟ್ರೊದ ಗೋಲ್ಡ್ ಲೈನ್ ಹತ್ತಿದರೆ ಬಿನ್ ಮಹಮೂದ್, ಮುಶೈರಿಬ್, ಸೂಕ್ ವಾಕಿಫ್ ದಾಟಿ ನಾಲ್ಕನೆಯದು ನ್ಯಾಷನಲ್ ಮ್ಯೂಸಿಯಂ ನಿಲ್ದಾಣ. ಟಿಕೆಟ್ಟಿಗೆ 2 ರಿಯಾಲ್. ಅಲ್ಲಿಂದ ಹಳೆಯ ದೋಹಾ ಬಂದರು ಹತ್ತಿರವೇ. ನವೆಂಬರಿನಿಂದ ಏಪ್ರಿಲ್‌ವರೆಗೆ, ಕೊಲ್ಲಿಯ ಬಿಸಿಲು ತುಸು ಮೆತ್ತಗಾಗುವ ತಿಂಗಳುಗಳಲ್ಲಿ, ಹತ್ತು-ಹದಿನೈದು ಅಂತಸ್ತಿನ ಕ್ರೂಸ್ ಹಡಗುಗಳು ಇಲ್ಲಿ ಬಂದು ನಿಲ್ಲುತ್ತವೆ. 2022ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಪ್ರೇಕ್ಷಕರಿಗೆ ರೂಮು ಸಾಲದೆ ಎಂಎಸ್‌ಸಿ ಕಂಪನಿಯ ಹಡಗುಗಳನ್ನೇ ತೇಲುವ ಹೋಟೆಲುಗಳನ್ನಾಗಿ ಮಾಡಿ ಇಲ್ಲಿ ನಿಲ್ಲಿಸಿದ್ದರು. ಅವುಗಳಲ್ಲೊಂದಾದ ‘ವರ್ಲ್ಡ್ ಯುರೋಪಾ’ಕ್ಕೆ ನಾಮಕರಣವಾದದ್ದೂ ಆ ನವೆಂಬರಿನಲ್ಲಿ ದೋಹಾದಲ್ಲೇ. 2023-24ರ ಋತುವಿನಲ್ಲಿ 70ಕ್ಕೂ ಹೆಚ್ಚು ಹಡಗುಗಳು 3 ಲಕ್ಷಕ್ಕೂ ಮಿಕ್ಕಿ ಪ್ರಯಾಣಿಕರನ್ನು ಈ ಬಂದರಿಗೆ ಕರೆತಂದವು. ದುಬೈ, ಅಬುಧಾಬಿ ಸುತ್ತಿ ಮರಳುವ ಒಂದು ವಾರದ ಯಾನ ಈಗ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಅಲ್ ಸದ್ದ್‌ನ ಫ್ಲ್ಯಾಟುಗಳಲ್ಲಿ ಬಾಡಿಗೆಗಿದ್ದು ತಿಂಗಳ ಸಂಬಳ ಎಣಿಸುವ ಕನ್ನಡಿಗ ಕುಟುಂಬವೂ ಊರಿಗೆ ಹೋಗದ ವರ್ಷ ಮಕ್ಕಳ ರಜೆಗೆ ಇಂಥ ಟಿಕೆಟ್ಟಿನ ದರ ವಿಚಾರಿಸುತ್ತದೆ. ವಿಚಾರಿಸಿದವರಿಗೆ ಮೊದಲು ಅಚ್ಚರಿಯಾಗುವುದು ಅದರ ಅಗ್ಗಕ್ಕೆ. ಒಳ್ಳೆಯ ಹೋಟೆಲಿನ ರೂಮು, ಮೂರು ಹೊತ್ತಿನ ಊಟ, ಈಜುಕೊಳ, ರಾತ್ರಿಯ ನಾಟಕ-ಸಂಗೀತ, ಜೊತೆಗೆ ಮೂರು-ನಾಲ್ಕು ಊರುಗಳ ತಿರುಗಾಟ ಎಲ್ಲವನ್ನೂ ಬೇರೆ ಬೇರೆಯಾಗಿ ಕೊಂಡರೆ ಆ ದುಡ್ಡಿಗೆ ಸಿಗುವಂಥದ್ದಲ್ಲ. ಹಾಗಾದರೆ ಅಗ್ಗ ಆದದ್ದು ಯಾರ ಖರ್ಚಿನಲ್ಲಿ? ಉತ್ತರದ ಒಂದು ತುಂಡು ಬಿಲ್ಲಿನ ಕೊನೆಯ ಸಾಲಿನಲ್ಲಿ ಇರುತ್ತದೆ.

ಆ ಸಾಲಿಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಒಬ್ಬರು ಗ್ರ್ಯಾಚುಯಿಟಿ ಎನ್ನುತ್ತಾರೆ, ಇನ್ನೊಬ್ಬರು ಹೋಟೆಲ್ ಸರ್ವಿಸ್ ಚಾರ್ಜ್, ಮತ್ತೊಬ್ಬರು ಕ್ರೂ ಅಪ್ರಿಸಿಯೇಷನ್. ತಲೆಗಿಷ್ಟು, ದಿನಕ್ಕಿಷ್ಟು ಎಂದು ಟಿಪ್ಸಿನ ಹಣ ಪ್ರಯಾಣಿಕನ ಖಾತೆಗೆ ತಾನಾಗಿ ಬೀಳುತ್ತ ಹೋಗುತ್ತದೆ. ಹಡಗಿನಲ್ಲಿ ನೋಟು-ಚಿಲ್ಲರೆಯ ವ್ಯವಹಾರ ಇಲ್ಲ. ಕೊರಳಿಗೋ ಕೈಗೋ ಹಾಕಿಕೊಂಡ ಕಾರ್ಡ್ ತೋರಿಸಿದರಾಯಿತು, ಕಾಫಿಯಿಂದ ಫೋಟೊದವರೆಗೆ ಎಲ್ಲವೂ ಖಾತೆಗೆ ಸೇರುತ್ತದೆ. ಕೊನೆಯ ರಾತ್ರಿ ಟಿವಿಯಲ್ಲೋ ಮೊಬೈಲಿನಲ್ಲೋ ಲೆಕ್ಕ ತೆರೆದಾಗ ಏಳು ದಿನದ ಟಿಪ್ಸು ಸಾಲುಗಟ್ಟಿ ನಿಂತಿರುತ್ತದೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇದು ತಲೆಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು, ಸೂಟ್‌ಗಳಲ್ಲಿ ಇನ್ನೂ ಹೆಚ್ಚು. ಬಾರು, ಸ್ಪಾಗಳ ಬಿಲ್ಲಿಗೆ ಶೇ 18ರಿಂದ 20 ಬೇರೆ. ಯುರೋಪಿನ ಕಂಪನಿಗಳಲ್ಲಿ ದರ ಕೊಂಚ ಕಡಿಮೆ, ಮಕ್ಕಳಿಗೆ ರಿಯಾಯಿತಿಯೂ ಇರುವುದುಂಟು. 18 ಡಾಲರಿನ ಲೆಕ್ಕ ಹಿಡಿಯೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಏಳು ರಾತ್ರಿ: 504 ಡಾಲರ್. ರಿಯಾಲಿಗೆ ಪರಿವರ್ತಿಸಿದರೆ ಸುಮಾರು 1,835.

ಈ ಅಂಕಿಯನ್ನು ಅಲ್ ಸದ್ದ್‌ನಲ್ಲಿ ನಿಂತು ನೋಡಿದರೆ ಅದರ ತೂಕ ಗೊತ್ತಾಗುತ್ತದೆ. ಕತಾರಿನಲ್ಲಿ 2021ರ ಮಾರ್ಚ್ 20ರಿಂದ ಜಾರಿಯಲ್ಲಿರುವ ಕನಿಷ್ಠ ವೇತನ ತಿಂಗಳಿಗೆ 1,000 ರಿಯಾಲ್; ಮಾಲೀಕ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಸೇರಿಸಬೇಕು. ಎಲ್ಲ ಸೇರಿ 1,800. ಅಂದರೆ ನಾಲ್ಕು ಜನರ ಒಂದು ಕುಟುಂಬ ಒಂದು ವಾರದಲ್ಲಿ ತೆರುವ ಟಿಪ್ಸು ಈ ದೇಶದ ಕಾನೂನು ಒಬ್ಬ ಕಾರ್ಮಿಕನಿಗೆ ತಿಂಗಳಿಗೆ ಸಾಕೆಂದು ನಿಗದಿ ಮಾಡಿದ ಮೊತ್ತಕ್ಕಿಂತ ಹೆಚ್ಚು. ಕಾರಿನಲ್ಲಿ ಕೂತು ಹಾರ್ನ್ ಹೊಡೆದರೆ ಕರಕ್ ಚಹಾದ ಲೋಟ ತಂದುಕೊಡುವ ಹುಡುಗನ ಕೈಗೆ 50 ದಿರ್ಹಮ್ ನಾಣ್ಯವನ್ನು ಬಿಟ್ಟುಕೊಡುವ ಟಿಪ್ಸಿಗೂ ಇದಕ್ಕೂ ಜಾತಿಯೇ ಬೇರೆ. ಆ ನಾಣ್ಯ ಸಿಗದಿದ್ದರೆ ಹುಡುಗನ ಸಂಬಳ ಕಡಿಮೆಯಾಗದು. ಹಡಗಿನ ಈ ಹಣ ನಿಂತರೆ ಅಲ್ಲಿಯ ವೇಟರನ, ಕ್ಯಾಬಿನ್ ಸ್ಟುವರ್ಡನ ಆದಾಯದ ದೊಡ್ಡ ಪಾಲೇ ನಿಲ್ಲುತ್ತದೆ. ಇಷ್ಟು ದೊಡ್ಡದಾದ, ಇಷ್ಟು ನಿಯಮಿತವಾದ, ಕಂಪನಿಯೇ ದರ ಕಟ್ಟಿ ಕಂಪನಿಯೇ ವಸೂಲು ಮಾಡಿ ಕಂಪನಿಯೇ ಹಂಚುವ ಹಣವನ್ನು ಪ್ರಯಾಣಿಕನ ಖುಷಿ ಎನ್ನುವುದು ನ್ಯಾಯವಲ್ಲ. ಅದು ಸಂಬಳ. ಸಂಬಳವಾದ ಮೇಲೆ ಅದು ಟಿಕೆಟ್ಟಿನ ದರದೊಳಗೆ ಇರಬೇಕು, ನೌಕರನ ಕರಾರಿನೊಳಗೆ ಇರಬೇಕು. ಇವೆರಡೂ ಆಗುವ ತನಕ ಪ್ರಯಾಣಿಕ ಅದನ್ನು ತೆಗೆಸಬಾರದು. ಈ ಲೇಖನ ಹೇಳಹೊರಟಿರುವುದು ಇಷ್ಟೇ. ಆದರೆ ಇದಕ್ಕೆ ಅಡ್ಡಬರುವ ಮಾತುಗಳು ಸಾಕಷ್ಟಿವೆ, ಕೆಲವು ಗಟ್ಟಿಯಾದವು ಕೂಡ.

ಮೊದಲು ಪದ್ಧತಿ ಬೆಳೆದ ಬಗೆ ನೋಡಬೇಕು. ಹಿಂದೆ ಕ್ರೂಸ್ ಹಡಗುಗಳಲ್ಲಿ ಯಾನದ ಕೊನೆಯ ಹೊತ್ತಿಗೆ ಕ್ಯಾಬಿನ್ನಿಗೆ ಸಣ್ಣ ಲಕೋಟೆಗಳು ಬರುತ್ತಿದ್ದವು. ಒಂದರ ಮೇಲೆ ವೇಟರ್, ಇನ್ನೊಂದರ ಮೇಲೆ ಸಹಾಯಕ ವೇಟರ್, ಮತ್ತೊಂದರ ಮೇಲೆ ಕ್ಯಾಬಿನ್ ಸ್ಟುವರ್ಡ್ ಎಂದು ಅಚ್ಚಾಗಿರುತ್ತಿತ್ತು. ಕೊನೆಯ ರಾತ್ರಿಯ ಊಟದಲ್ಲಿ ನಗುತ್ತ ಕೈಕುಲುಕಿ ಲಕೋಟೆ ದಾಟಿಸುವುದು ಒಂದು ವಿಧಿಯೇ ಆಗಿತ್ತು. ಎಷ್ಟು ಹಾಕಬೇಕೆಂಬ ಸಲಹೆಯನ್ನು ಕಂಪನಿಯೇ ಕೊಡುತ್ತಿತ್ತು. ಆಮೇಲೆ ಹಡಗುಗಳು ದೊಡ್ಡವಾದವು. ಒಂದೇ ಮೇಜು, ಒಬ್ಬನೇ ವೇಟರ್ ಎಂಬ ಕ್ರಮ ಹೋಗಿ ಹತ್ತಾರು ರೆಸ್ಟೊರೆಂಟುಗಳು ಬಂದವು. ಸೋಮವಾರ ಬಡಿಸಿದವನು ಮಂಗಳವಾರ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಲಕೋಟೆ ಹೋಗಿ ದಿನದ ದರ ಬಂತು. ಇದರಿಂದ ಒಂದು ಒಳ್ಳೆಯದೂ ಆಯಿತೆಂದು ಒಪ್ಪಬೇಕು: ಪ್ರಯಾಣಿಕ ಎಂದೂ ನೋಡದ ಲಾಂಡ್ರಿಯವನಿಗೆ, ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವವನಿಗೆ ಕೂಡ ಹಲವು ಕಂಪನಿಗಳಲ್ಲಿ ಪಾಲು ಸಿಗತೊಡಗಿತು. ಆದರೆ ಮೊತ್ತದ ಲೆಕ್ಕ ಪ್ರಯಾಣಿಕನಿಗೂ ಇಲ್ಲ, ನೌಕರನಿಗೂ ಪೂರ್ತಿ ಇಲ್ಲ ಎಂಬ ಸ್ಥಿತಿ ಹುಟ್ಟಿದ್ದೂ ಆಗಲೇ. 5,000 ಪ್ರಯಾಣಿಕರ ಹಡಗಿನಲ್ಲಿ ತಲೆಗೆ 15 ಡಾಲರ್ ಎಂದುಕೊಂಡರೆ ದಿನಕ್ಕೆ 75,000, ವಾರಕ್ಕೆ 5,25,000 ಡಾಲರ್ ಈ ಒಂದು ಹೆಸರಿನಲ್ಲಿ ಜಮೆಯಾಗುತ್ತದೆ. ಲಕೋಟೆಯ ಕಾಲದಲ್ಲಿ ಕೊಡುವವನಿಗೂ ಪಡೆಯುವವನಿಗೂ ಎಷ್ಟೆಂದು ಗೊತ್ತಿರುತ್ತಿತ್ತು.

ಕತಾರಿನ ಕನಿಷ್ಠ ವೇತನವಾದರೂ ಬಂದರಿಗೆ ಬಂದ ಹಡಗಿಗೆ ಅನ್ವಯಿಸುವುದಿಲ್ಲವೇ ಎಂದರೆ, ಇಲ್ಲ. ನೆಲದ ಕಾನೂನು ಹಡಗಿನ ಏಣಿಯ ಬುಡದಲ್ಲೇ ನಿಲ್ಲುತ್ತದೆ. 2004ರ 14ನೇ ಕಾನೂನಾದ ಕತಾರಿನ ಕಾರ್ಮಿಕ ಕಾಯ್ದೆ ತನ್ನ ಮೂರನೆಯ ವಿಧಿಯಲ್ಲೇ ಸಮುದ್ರದ ಮೇಲೆ ದುಡಿಯುವವರನ್ನು ಹೊರಗಿಟ್ಟಿದೆ. ಹಡಗಿಗೆ ಅನ್ವಯಿಸುವುದು ಅದು ಹಾರಿಸುವ ಬಾವುಟದ ದೇಶದ ಕಾನೂನು. ಬಾವುಟ ಬಹಮಾಸ್‌ನದೋ ಪನಾಮಾದ್ದೋ ಮಾಲ್ಟಾದ್ದೋ ಆಗಿರುತ್ತದೆ. ಕಂಪನಿಯ ಕಚೇರಿ ಮಯಾಮಿಯಲ್ಲೋ ಜಿನೀವಾದಲ್ಲೋ ಇರುತ್ತದೆ. ದುಡಿಯುವವನು ಮನಿಲಾದಿಂದ, ಬಾಲಿಯಿಂದ, ಗೋವಾದಿಂದ, ಮಂಗಳೂರಿನಿಂದ ಬಂದಿರುತ್ತಾನೆ. ಇವರೆಲ್ಲರಿಗೂ ಒಂದು ಚೌಕಟ್ಟು ಒದಗಿಸಿದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಸಾಗರ ಕಾರ್ಮಿಕ ಒಪ್ಪಂದ. ಅದು ಜಾರಿಗೆ ಬಂದದ್ದು 2013ರ ಆಗಸ್ಟಿನಲ್ಲಿ, ಭಾರತ ಅನುಮೋದಿಸಿದ್ದು 2015ರ ಅಕ್ಟೋಬರಿನಲ್ಲಿ. ಆ ಒಪ್ಪಂದದ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ತಿರುಗಿಸಿ ಓದಿದರೆ, ವಾರಕ್ಕೆ 91 ಗಂಟೆ ವಿಶ್ರಾಂತಿಯಲ್ಲದ ಹೊತ್ತು ಇರಬಹುದು. ಅನುಭವಿ ನಾವಿಕನೊಬ್ಬನ ಕನಿಷ್ಠ ಮೂಲವೇತನಕ್ಕೆ ಅದೇ ಸಂಘಟನೆ ಒಂದು ಅಂಕಿಯನ್ನು ಶಿಫಾರಸು ಮಾಡುತ್ತದೆ. 2023ರ ಜನವರಿಯಿಂದ ಅದು ತಿಂಗಳಿಗೆ 658 ಡಾಲರ್ ಇತ್ತು. ಆದರೆ ಅದು ಡೆಕ್ಕಿನ ಮೇಲೆ ಹಗ್ಗ ಎಳೆಯುವವನ ಹುದ್ದೆಗೆ ಕಟ್ಟಿದ ಅಂಕಿ. ಹಾಸಿಗೆ ಹೊದಿಸುವವನಿಗೆ, ಬಡಿಸುವವನಿಗೆ ಅಂಥದೊಂದು ಅಂಕಿ ಇಲ್ಲ. ಈ ಖಾಲಿ ಜಾಗದಲ್ಲೇ ಟಿಪ್ಸಿನ ವ್ಯವಸ್ಥೆ ಬೇರು ಬಿಟ್ಟಿದೆ.

ಕೊಲ್ಲಿಯಲ್ಲಿ ಸಂಬಳಕ್ಕೆ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕೆಲಸದ ಆಫರ್ ಲೆಟರ್ ಕೈಗೆ ಬಂದಾಗ ಜಾಣರು ಮೊದಲು ನೋಡುವುದು ಒಟ್ಟು ಮೊತ್ತವನ್ನಲ್ಲ, ಬೇಸಿಕ್ ಎಷ್ಟೆಂದು. ಕತಾರಿನಲ್ಲಿ ವರ್ಷ ತುಂಬಿದ ನೌಕರನಿಗೆ ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿ ವರ್ಷಕ್ಕೆ ಕನಿಷ್ಠ ಮೂರು ವಾರದ ವೇತನ; ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ. ಹಾಗಾಗಿಯೇ ಬೇಸಿಕ್ ಕುಗ್ಗಿಸಿ, ವಸತಿ-ಸಾರಿಗೆ-ಇತರೆ ಎಂದು ಅಲವನ್ಸುಗಳನ್ನು ಉಬ್ಬಿಸುವ ಆಫರುಗಳು ಬರುತ್ತವೆ. ಕೈಗೆ ಬರುವ ದುಡ್ಡು ಅಷ್ಟೇ ಇದ್ದರೂ ಹಕ್ಕಿನ ದುಡ್ಡು ಕಡಿಮೆಯಾಗಿರುತ್ತದೆ. ಕ್ರೂಸಿನ ಟಿಪ್ಸು ಇದೇ ತಂತ್ರದ ಇನ್ನೊಂದು ಹೆಜ್ಜೆ: ಅಲ್ಲಿ ಅಲವನ್ಸನ್ನು ಕಂಪನಿಯ ಖಾತೆಯಿಂದಲೇ ತೆಗೆದು ಗಿರಾಕಿಯ ಖಾತೆಗೆ ಬರೆಯಲಾಗಿದೆ. ಪ್ರಯಾಣಿಕ ಬಂದರೆ ಉಂಟು, ಬಾರದಿದ್ದರೆ ಇಲ್ಲ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಜಗತ್ತಿನ ಕ್ರೂಸ್ ಹಡಗುಗಳೆಲ್ಲ ಯಾನ ನಿಲ್ಲಿಸಿದಾಗ ಇದು ನಿಚ್ಚಳವಾಗಿ ಕಂಡಿತು. ಪ್ರಯಾಣಿಕರನ್ನು ಇಳಿಸಿದ ಹಡಗುಗಳು ಸಿಬ್ಬಂದಿಯನ್ನು ಹೊತ್ತು ವಾರಗಟ್ಟಲೆ ಲಂಗರು ಹಾಕಿ ನಿಂತವು. ಮುಂಬೈ ಹೊರಗೆ ಕಾದು ನಿಂತ ‘ಮರೆಲ್ಲಾ ಡಿಸ್ಕವರಿ’ ಹಡಗಿನಿಂದ ಭಾರತೀಯ ಸಿಬ್ಬಂದಿ ಇಳಿಯುವುದಕ್ಕೆ ಏಪ್ರಿಲ್ ಕೊನೆಯಾಗಬೇಕಾಯಿತು. ಪ್ರಯಾಣಿಕರಿಲ್ಲದ ಹಡಗಿನಲ್ಲಿ ಟಿಪ್ಸಿನ ಮೀಟರು ಓಡುವುದಿಲ್ಲ. ಹೋಟೆಲ್ ವಿಭಾಗದವರಿಗೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ಕರಾರು. ಒಂದು ಮುಗಿದು ಇನ್ನೊಂದು ಶುರುವಾಗುವ ತನಕ ಊರಿನಲ್ಲಿ ಸಂಬಳವಿಲ್ಲದೆ ಕಾಯಬೇಕು. ಕರಾವಳಿಯಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂದರೆ ಮನೆಗೆ ಹೊಸ ಹೆಂಚು ಬಂತೆಂದೇ ಅರ್ಥ. ಆ ಹೆಂಚಿನ ಎಷ್ಟು ಪಾಲು ಕರಾರಿನದು, ಎಷ್ಟು ಪಾಲು ಅಪರಿಚಿತರ ಮರ್ಜಿಯದು ಎಂದು ಯಾರೂ ಕೇಳಿ ನೋಡುವುದಿಲ್ಲ.

ಈ ತಂತ್ರಕ್ಕೆ ಹಳೆಯ ಇತಿಹಾಸವಿದೆ. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ರಾತ್ರಿ ಮಲಗಿ ಹೋಗುವ ಐಷಾರಾಮಿ ರೈಲು ಬೋಗಿಗಳನ್ನು ಓಡಿಸಿದ. ಅವುಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ, ಪ್ರಯಾಣಿಕರ ಊಳಿಗ ಮಾಡಲು ಗುಲಾಮಗಿರಿಯಿಂದ ಆಗತಾನೇ ಬಿಡುಗಡೆಯಾಗಿದ್ದ ಕಪ್ಪು ಜನರನ್ನು ಇಟ್ಟುಕೊಂಡ. ಸಂಬಳ ಅತ್ಯಲ್ಪ, ಉಳಿದದ್ದು ಟಿಪ್ಸಿನಿಂದ ಎಂಬುದು ಅಲ್ಲಿಯ ಲೆಕ್ಕಾಚಾರ. 1915ರಲ್ಲಿ ಸರ್ಕಾರದ ಆಯೋಗವೊಂದು ಇದರ ವಿಚಾರಣೆ ನಡೆಸಿದಾಗ ತಿಂಗಳಿಗೆ 27.50 ಡಾಲರಿನ ಸಂಬಳಕ್ಕೆ ಕಂಪನಿಯ ಪರವಾಗಿ ಉತ್ತರ ಕೊಡಬೇಕಾಗಿ ಬಂದದ್ದು ಅದರ ಅಧ್ಯಕ್ಷ ರಾಬರ್ಟ್ ಲಿಂಕನ್‌ಗೆ. ಗುಲಾಮಗಿರಿ ಕೊನೆಗಾಣಿಸಿದ ಅಬ್ರಹಾಂ ಲಿಂಕನ್ ಅವರ ಮಗ ಈತ. ಇತಿಹಾಸ ಕೆಲವೊಮ್ಮೆ ನಾಟಕಕಾರರನ್ನೂ ನಾಚಿಸುತ್ತದೆ. ಪೋರ್ಟರುಗಳೆಂದು ಕರೆಸಿಕೊಳ್ಳುತ್ತಿದ್ದ ಈ ನೌಕರರು 1925ರಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದ ಮಾಡಿಸಿಕೊಂಡರು. ಆದರೆ ಟಿಪ್ಸನ್ನು ಸಂಬಳದ ಬದಲಿಗೆ ಇಡುವ ಅಭ್ಯಾಸ ಹೋಗಲಿಲ್ಲ. ಟಿಪ್ಸು ಪಡೆಯುವ ನೌಕರರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ನಗದು ವೇತನ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ 1991ರಿಂದ ಗಂಟೆಗೆ 2.13 ಡಾಲರಿಗೇ ನಿಂತಿದೆ. ಕ್ರೂಸ್ ಉದ್ಯಮದ ದೊಡ್ಡ ಮಾರುಕಟ್ಟೆ ಅಮೆರಿಕವೇ ಆದ್ದರಿಂದ ಈ ಅಭ್ಯಾಸ ಹಡಗು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಬ್ರಿಟಿಷ್ ಹಡಗುಗಳೂ ದೂರ ಉಳಿಯಲಿಲ್ಲ: ಪಿ ಆ್ಯಂಡ್ ಒ ಹಡಗುಗಳ ಕೆಲವು ಸಿಬ್ಬಂದಿಗೆ ಮೂಲವೇತನ ಗಂಟೆಗೆ 75 ಪೆನ್ಸ್ ಮಾತ್ರ ಎಂದು 2012ರಲ್ಲಿ ‘ಗಾರ್ಡಿಯನ್’ ಪತ್ರಿಕೆ ವರದಿ ಮಾಡಿತ್ತು.

ಈಗ ಆಕ್ಷೇಪಗಳಿಗೆ ಬರೋಣ. ಟಿಪ್ಸು ಇದ್ದರೆ ಸೇವೆ ಚೆನ್ನಾಗಿರುತ್ತದೆ, ಸಂಬಳಕ್ಕೆ ಸೇರಿಸಿಬಿಟ್ಟರೆ ವೇಟರ್ ಮುಖ ಗಂಟಿಕ್ಕಿಕೊಂಡು ಬಡಿಸುತ್ತಾನೆ ಎಂಬುದು ಎಲ್ಲರ ಬಾಯಲ್ಲಿ ಬರುವ ಮಾತು. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ದಶಕಗಳ ಕಾಲ ಟಿಪ್ಸನ್ನೇ ಅಧ್ಯಯನ ಮಾಡಿದವರು. ಸೇವೆಯ ಗುಣಕ್ಕೂ ಟಿಪ್ಸಿನ ಗಾತ್ರಕ್ಕೂ ಇರುವ ನಂಟು ತೀರಾ ಸಡಿಲ ಎಂಬುದು ಅವರ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಬಿಲ್ಲು ದೊಡ್ಡದಾದರೆ ಟಿಪ್ಸು ದೊಡ್ಡದು. ಬಡಿಸುವವನ ಚರ್ಮದ ಬಣ್ಣದಿಂದಲೂ ವ್ಯತ್ಯಾಸವಾಗುತ್ತದೆ. ಇನ್ನು ಹಡಗಿನ ದಿನದ ದರಕ್ಕಂತೂ ಈ ವಾದ ಅನ್ವಯಿಸುವುದೇ ಇಲ್ಲ, ಏಕೆಂದರೆ ಬಡಿಸುವ ಮೊದಲೇ ಹಣ ಖಾತೆಗೆ ಬಿದ್ದಿರುತ್ತದೆ, ಎಷ್ಟೋ ಸಲ ಹಡಗು ಹತ್ತುವ ಮೊದಲೇ ಕಟ್ಟಿಸಿಕೊಂಡಿರುತ್ತಾರೆ. ನಮ್ಮ ಊರಿನ ಸಾಕ್ಷ್ಯವೂ ಇದೆ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ದರ್ಶಿನಿಗಳಲ್ಲಿ ಬಡಿಸುವವನೂ ಇಲ್ಲ, ಟಿಪ್ಸೂ ಇಲ್ಲ. ಕೌಂಟರಿನ ಆಚೆ ದೋಸೆ ಹೊಯ್ಯುವವನು ಯಾರ ಖುಷಿಗೂ ಕಾಯದೆ ನಿಮಿಷಕ್ಕೊಂದರಂತೆ ಗರಿಗರಿಯಾಗಿಯೇ ಹೊಯ್ಯುತ್ತಾನೆ. ಇಂಡಿಯಾ ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಿದಾಗ ಅವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕಟ್ಟಿದ ಸಹಕಾರ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಅಲ್ಲಿ ಪೇಟ ಕಟ್ಟಿ ಕಾಫಿ ತರುವವನು ಸಂಘದ ಸದಸ್ಯ. ಗಿರಾಕಿ ತಟ್ಟೆಯಲ್ಲಿ ಚಿಲ್ಲರೆ ಬಿಟ್ಟರೆ ಬೇಡ ಎನ್ನಲಿಕ್ಕಿಲ್ಲ. ಆದರೆ ಮನೆಯ ಅಕ್ಕಿ ಆ ಚಿಲ್ಲರೆಗೆ ಕಾಯುತ್ತಿರುವುದಿಲ್ಲ.

ಎರಡನೆಯ ಆಕ್ಷೇಪ ಭಾರತೀಯರ ಬಾಯಲ್ಲಿ ಹೆಚ್ಚು ಜೋರಾಗಿ ಕೇಳುತ್ತದೆ, ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ, ಹೋಟೆಲು-ರೆಸ್ಟೊರೆಂಟುಗಳು ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾವಾಗಿ ಸೇರಿಸುವಂತಿಲ್ಲ ಎಂದಿತು. ಹೋಟೆಲ್ ಮಾಲೀಕರ ಒಕ್ಕೂಟಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿದು ಅರ್ಜಿಗಳನ್ನು ದಂಡ ಸಹಿತ ವಜಾ ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಟ್ಯಾಕ್ಸಿ ಬರುವ ಮೊದಲೇ ‘ಅಡ್ವಾನ್ಸ್ ಟಿಪ್’ ಕೇಳುವ ಊಬರ್ ಪದ್ಧತಿ ಅನೈತಿಕವೆಂದು ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಹೇಳಿದರು, ಕಂಪನಿಗೆ ನೋಟಿಸೂ ಹೋಯಿತು. ಬೆಂಗಳೂರಿನ ಹೋಟೆಲಿನಲ್ಲಿ ಕೊಡಬೇಕಿಲ್ಲದ್ದನ್ನು ಅರಬ್ಬಿ ಕೊಲ್ಲಿಯ ಹಡಗಿನಲ್ಲಿ ಯಾಕೆ ಕೊಡಬೇಕು, ಕೌಂಟರಿಗೆ ಹೋಗಿ ತೆಗೆಸಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ಹಲವು ಕಂಪನಿಗಳು ಹಾಗೆ ತೆಗೆಸಲು ಅವಕಾಶವನ್ನೂ ಕೊಡುತ್ತವೆ. ಕೊನೆಯ ರಾತ್ರಿ ಆ ಕೌಂಟರಿನ ಮುಂದೆ ನಿಲ್ಲುವ ಕ್ಯೂನಲ್ಲಿ ಎಲ್ಲ ದೇಶದವರೂ ಇರುತ್ತಾರೆ.

ಆ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರಿಂದ ಹಡಗಿನಲ್ಲಿ ಟಿಪ್ಸು ತೆಗೆಸಬಹುದೆಂಬ ನಿರ್ಧಾರಕ್ಕೆ ಬರಲಾಗದು. ಪ್ರಾಧಿಕಾರ ಹೇಳಿದ್ದರ ತಿರುಳು ಏನು? ಊಟದ ಬೆಲೆಯಲ್ಲೇ ಸೇವೆಯ ಬೆಲೆಯೂ ಸೇರಿರಬೇಕು, ಬೇಕಿದ್ದರೆ ಮಾಲೀಕ ಊಟದ ಬೆಲೆಯನ್ನೇ ಏರಿಸಿಕೊಳ್ಳಲಿ ಎಂದು. ಅಂದರೆ ಹೊರೆಯನ್ನು ಮಾಲೀಕನ ತಲೆಗೆ ಮರಳಿಸಿದ್ದು ಆ ನಿಯಮ. ಹಡಗಿನಲ್ಲಿ ಒಬ್ಬ ಪ್ರಯಾಣಿಕ ಟಿಪ್ಸು ತೆಗೆಸಿದರೆ ಹೊರೆ ಮರಳುವುದು ಮಾಲೀಕನ ತಲೆಗಲ್ಲ. ಟಿಕೆಟ್ಟಿನ ಹಣ ಕಂಪನಿಗೆ ಆಗಲೇ ಸಂದಿರುತ್ತದೆ. ಕಡಿಮೆಯಾಗುವುದು ಸಿಬ್ಬಂದಿಗೆ ಹಂಚುವ ಗಂಟು. ನಿಯಮ ಬದಲಿಸಿ ತೆಗೆಯುವುದಕ್ಕೂ ಕೌಂಟರಿನಲ್ಲಿ ತೆಗೆಸುವುದಕ್ಕೂ ಇರುವ ವ್ಯತ್ಯಾಸ ಇದು. ಸೇವೆ ಕೆಟ್ಟದಾಗಿತ್ತೆಂದು ತೆಗೆಸುವವರ ಸಿಟ್ಟು ನಿಜವಿರಬಹುದು. ಆದರೆ ಊಟ ತಣ್ಣಗಿತ್ತೆಂಬ ಸಿಟ್ಟಿಗೆ ಆ ಕ್ಯಾಬಿನ್ನಿನ ಟವೆಲು ಒಗೆದವನೂ ದಂಡ ತೆರುವುದು ಯಾವ ಲೆಕ್ಕ? ತಣ್ಣನೆಯ ಊಟಕ್ಕೆ ದೂರು ಕೊಟ್ಟು ಟಿಕೆಟ್ಟಿನ ಹಣದಲ್ಲಿ ಪರಿಹಾರ ಕೇಳಬೇಕು. ಹಾಗೆ ಕೇಳುವವರು ಕಡಿಮೆ. ಟಿಪ್ಸು ತೆಗೆಸುವುದು ಸುಲಭ, ಅದಕ್ಕೆ ಕಂಪನಿ ವಾದ ಮಾಡುವುದಿಲ್ಲ. ತನ್ನ ಜೇಬಿನದಲ್ಲದ ಹಣದಲ್ಲಿ ಗಿರಾಕಿಯನ್ನು ಸಮಾಧಾನ ಮಾಡುವ ಈ ಉದಾರತನಕ್ಕೆ ನಮ್ಮಲ್ಲಿ ಹಳೆಯ ಗಾದೆಯೇ ಇದೆ: ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಖಾತೆಯಿಂದ ತೆಗೆಸಿ, ನಮ್ಮ ರೂಮು ಗುಡಿಸಿದ ಹುಡುಗನ ಕೈಗೇ ನೋಟು ಕೊಡುತ್ತೇವೆ, ಕಂಪನಿಯ ನಡುವಿನ ಕೈ ಬೇಡ ಎನ್ನುವವರೂ ಇದ್ದಾರೆ. ಇದು ಮನಸ್ಸಿನಿಂದ ಬಂದ ಮಾತು, ತಳ್ಳಿಹಾಕುವಂಥದ್ದಲ್ಲ. ಆದರೆ ಕಂಡವನಿಗೆ ಕೊಟ್ಟು ಕಾಣದವನಿಗೆ ಕೈಯೆತ್ತಿದ ಹಾಗಾಗುತ್ತದೆ. ಖಾತೆಯಿಂದ ಟಿಪ್ಸು ತೆಗೆಸಿದ ಕ್ಯಾಬಿನ್ನಿನವರು ಕೈಗೆ ಕೊಟ್ಟ ನಗದನ್ನು ಸಿಬ್ಬಂದಿ ಒಟ್ಟು ಗಂಟಿಗೇ ಒಪ್ಪಿಸಬೇಕೆಂಬ ನಿಯಮವನ್ನು ಇಟ್ಟುಕೊಂಡ ಕಂಪನಿಗಳೂ ಉಂಟು. ಖಾತೆಯದನ್ನು ಮುಟ್ಟದೆ ಮೇಲೆ ಕೊಟ್ಟರೆ ಅದು ಅವನದೇ.

ನಿಜಕ್ಕೂ ಗಟ್ಟಿಯಾದ ಆಕ್ಷೇಪ ಇವ್ಯಾವುವೂ ಅಲ್ಲ. ಟಿಪ್ಸನ್ನು ದರದೊಳಗೆ ಸೇರಿಸಿದರೆ ನೌಕರನ ಆದಾಯ ಇಳಿಯಬಹುದು ಎಂಬುದು ಅದು. ನ್ಯೂಯಾರ್ಕಿನ ಹೆಸರಾಂತ ರೆಸ್ಟೊರೆಂಟ್ ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸು ನಿಲ್ಲಿಸಿ, ತಿಂಡಿಯ ಬೆಲೆ ಏರಿಸಿ, ಸಂಬಳ ಹೆಚ್ಚಿಸುವ ಪ್ರಯೋಗ ಶುರುಮಾಡಿದರು. ಒಳ್ಳೆಯ ಟಿಪ್ಸು ಗಳಿಸುತ್ತಿದ್ದ ಎಷ್ಟೋ ವೇಟರುಗಳು ಬಿಟ್ಟುಹೋದರು. 2020ರಲ್ಲಿ ಅವರೇ ಪ್ರಯೋಗ ಕೈಬಿಟ್ಟು ಟಿಪ್ಸನ್ನು ಮರಳಿ ತಂದರು. ಹಡಗಿನ ಬಾರಿನಲ್ಲಿ, ದುಬಾರಿ ರೆಸ್ಟೊರೆಂಟಿನಲ್ಲಿ ದುಡಿಯುವ ಅನುಭವಿಗಳಿಗೂ ಇದೇ ಭಯ ಇದ್ದರೆ ತಪ್ಪೆನ್ನಲಾಗದು. ಆದರೆ ಮೇಯರ್ ಹೋಟೆಲಿನ ಪಕ್ಕದ ಬೀದಿಯಲ್ಲಿ ಟಿಪ್ಸು ಕೊಡುವ ಇನ್ನೊಂದು ಹೋಟೆಲಿತ್ತು; ವೇಟರ್ ಅಲ್ಲಿಗೆ ದಾಟಬಹುದಿತ್ತು. ಹಡಗಿನ ದಿನದ ದರ ಆಗಲೇ ಎಲ್ಲರಿಗೂ ಒಂದೇ ಆಗಿರುವುದರಿಂದ, ಒಟ್ಟು ಗಂಟಿನಿಂದ ಹಂಚುವುದರಿಂದ, ಅದನ್ನು ಟಿಕೆಟ್ಟಿಗೆ ಸೇರಿಸಿದರೆ ನೌಕರ ಕಳೆದುಕೊಳ್ಳುವ ಅದೃಷ್ಟದ ಪಾಲು ಬಹಳ ಕಡಿಮೆ. ಪಿ ಆ್ಯಂಡ್ ಒ ಕಂಪನಿಯೇ 2019ರ ಮೇ ತಿಂಗಳಿಂದ ದಿನಕ್ಕೆ ತಲೆಗೆ 7 ಪೌಂಡಿನ ಟಿಪ್ಸನ್ನು ಬಿಲ್ಲಿನಿಂದ ತೆಗೆದು ಟಿಕೆಟ್ಟಿನ ದರದಲ್ಲಿ ಸೇರಿಸಿತು. ವರ್ಜಿನ್ ವಾಯೇಜಸ್ 2021ರಲ್ಲಿ ಯಾನ ಆರಂಭಿಸಿದಾಗ ಟಿಪ್ಸು ಸೇರಿದ ದರವನ್ನೇ ಇಟ್ಟಿತ್ತು. ಹಡಗುಗಳೇನೂ ಮುಳುಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಜಾಹೀರಾತಿನ ದರದಲ್ಲೇ ಕಡ್ಡಾಯ ಶುಲ್ಕಗಳೆಲ್ಲ ಸೇರಿರಬೇಕೆಂಬ ಕಾನೂನು ಬಂದಾಗ ದೊಡ್ಡ ಕಂಪನಿಗಳು ಬಂದರು ಶುಲ್ಕ, ತೆರಿಗೆಗಳನ್ನು ಇಡೀ ಅಮೆರಿಕಕ್ಕೇ ದರದೊಳಗೆ ಸೇರಿಸಿ ತೋರಿಸತೊಡಗಿದವು. ಕಂಪ್ಯೂಟರಿಗೆ ಅದು ಕಷ್ಟವಾಗಲಿಲ್ಲ. ಟಿಪ್ಸನ್ನು ಮಾತ್ರ ಹೊರಗೇ ಬಿಟ್ಟರು, ಅದು ಕಡ್ಡಾಯವಲ್ಲ, ಪ್ರಯಾಣಿಕರ ಇಷ್ಟ ಎಂಬ ಕಾರಣಕ್ಕೆ. ವಸೂಲಿಯ ಹೊತ್ತಿಗೆ ತಾನಾಗಿ ಬೀಳುವ ಹಣ, ಜಾಹೀರಾತಿನ ಹೊತ್ತಿಗೆ ಇಷ್ಟದ ಹಣ! ದರ ಏರುತ್ತದೆ ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಏರುವುದು ಜಾಹೀರಾತಿನ ದರ. ಪ್ರಾಮಾಣಿಕವಾಗಿ ಕೊಟ್ಟು ಬಂದವನ ಒಟ್ಟು ಖರ್ಚು ಮೊದಲಿನಷ್ಟೇ. ತೆಗೆಸುತ್ತಿದ್ದವನ ಖರ್ಚು ಮಾತ್ರ ಏರುತ್ತದೆ, ಏರಲಿ.

ಒಂದು ಅಪಾಯ ಉಳಿಯುತ್ತದೆ. ಟಿಕೆಟ್ಟಿನೊಳಗೆ ಸೇರಿದ ಹಣ ಸಿಬ್ಬಂದಿಯ ಕೈಸೇರಿತೇ ಎಂದು ಯಾರು ನೋಡುತ್ತಾರೆ? ಬ್ರಿಟನ್ ತನ್ನ ನೆಲದ ಹೋಟೆಲುಗಳಿಗೆ 2023ರಲ್ಲಿ ಕಾನೂನು ಮಾಡಿ, 2024ರ ಅಕ್ಟೋಬರ್ 1ರಿಂದ ಟಿಪ್ಸಿನ ಪೂರ್ತಿ ಹಣ ನೌಕರರಿಗೆ ಸೇರಬೇಕು, ಹಂಚಿಕೆಯ ದಾಖಲೆ ಇಡಬೇಕು ಎಂದು ಕಟ್ಟು ಹಾಕಿದೆ. ಸಮುದ್ರದಲ್ಲಿ ಅಂಥ ಕಟ್ಟು ಹಾಕಲು ಹೊಸ ಒಪ್ಪಂದವೇನೂ ಬೇಕಿಲ್ಲ. ನೌಕರನ ಕರಾರಿನಲ್ಲಿ ವೇತನದ ಮೊತ್ತವನ್ನು ಅಥವಾ ಅದನ್ನು ಲೆಕ್ಕ ಹಾಕುವ ಸೂತ್ರವನ್ನು ಬರೆಯಬೇಕೆಂದೂ, ತಿಂಗಳು ತಿಂಗಳು ಲೆಕ್ಕದ ಚೀಟಿ ಕೊಡಬೇಕೆಂದೂ 2006ರ ಒಪ್ಪಂದವೇ ಹೇಳುತ್ತದೆ. ಆ ಚೀಟಿಯಲ್ಲಿ ಎರಡು ಸಾಲು ಬೇಕು: ಪ್ರಯಾಣಿಕರಿದ್ದರೂ ಇಲ್ಲದಿದ್ದರೂ ಖಾತರಿಯಾಗಿ ಸಿಗುವ ಮೊತ್ತ ಒಂದು, ಒಟ್ಟು ಗಂಟಿಗೆ ಆ ತಿಂಗಳು ಬಂದದ್ದೆಷ್ಟು, ತನಗೆ ಸಂದ ಪಾಲೆಷ್ಟು ಎಂಬುದು ಇನ್ನೊಂದು. ಭಾರತಕ್ಕೆ ಇದನ್ನು ಕೇಳುವ ಕೈಬಲ ಇದೆ. ವಿದೇಶಿ ಹಡಗುಗಳಿಗೆ ಇಲ್ಲಿಂದ ಜನರನ್ನು ಕಳಿಸುವ ಏಜೆನ್ಸಿಗಳು ಮುಂಬೈಯ ನೌಕಾಯಾನ ಮಹಾನಿರ್ದೇಶನಾಲಯದ ಲೈಸೆನ್ಸ್ ಪಡೆದಿರಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯಬಾರದೆಂಬ ನಿಯಮ ಈಗಲೇ ಇದೆ. ಲೈಸೆನ್ಸಿನ ಷರತ್ತಿಗೆ ಈ ಎರಡು ಸಾಲುಗಳನ್ನೂ ಸೇರಿಸಿದರೆ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮೊದಲ ಕರಾರಿಗೆ ಸಹಿ ಹಾಕುವ ಹುಡುಗನಿಗೆ ಬೇಸಿಕ್ ಎಷ್ಟೆಂದು ಸಹಿಗೆ ಮೊದಲೇ ಗೊತ್ತಾಗುತ್ತದೆ.

ಅಲ್ ಸದ್ದ್‌ನ ಟ್ರಾವೆಲ್ ಏಜೆಂಟನ ಮೇಜಿನ ಮುಂದೆ ಕೂತವರ ಕೈಯಲ್ಲಿರುವುದು ಇದಕ್ಕಿಂತ ಚಿಕ್ಕ ಕೆಲಸ. ಟಿಕೆಟ್ಟಿನ ದರ ಕೇಳುವಾಗ ಬಂದರು ಶುಲ್ಕ, ತೆರಿಗೆ, ಏಳು ದಿನದ ಟಿಪ್ಸು ಎಲ್ಲ ಸೇರಿ ತಲೆಗೆ ಎಷ್ಟು ರಿಯಾಲ್ ಎಂದು ಒಂದೇ ಅಂಕಿ ಬರೆಸಿಕೊಳ್ಳಬೇಕು, ಹಡಗು ಹಡಗನ್ನು ಆ ಅಂಕಿಯಲ್ಲೇ ಹೋಲಿಸಬೇಕು. ಹಾಗೆ ಹೋಲಿಸಿದಾಗ ಟಿಪ್ಸು ಸೇರಿಸಿಯೇ ದರ ಹೇಳುವ ಕಂಪನಿ ಈಗ ಕಾಣುವಷ್ಟು ದುಬಾರಿಯಾಗಿ ಕಾಣುವುದಿಲ್ಲ. ಅಷ್ಟಾದ ಮೇಲೂ ಬಜೆಟ್ಟಿಗೆ ಹೆಚ್ಚಾಯಿತು ಎನಿಸಿದರೆ ಒಂದು ರಾತ್ರಿ ಕಡಿಮೆಯ ಯಾನವನ್ನೋ ಕಿಟಕಿಯಿಲ್ಲದ ಕ್ಯಾಬಿನ್ನನ್ನೋ ಆರಿಸಿಕೊಳ್ಳಬಹುದು.